ತೊಂಬತ್ತು ಕಿಲೋಮೀಟರ್ ಉದ್ದದ ಸ್ಮಾರಕ

ಬೆಂಗಳೂರಿನ ಗೆಳೆಯರೊಬ್ಬರು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕಾಮ್ರೇಡ್ಸ್ ಓಟ ಮುಗಿಸಿ ಬಂದರು. ಎಷ್ಟನೆಯವರಾಗಿ ಬಂದಿರಿ ಎಂದು ಕೇಳಿದೆ. ಮದುವೆ ಮನೆಯಲ್ಲಿ ಬಾರದ ಮಾತು ಆಡಿದವನನ್ನು ನೋಡುವ ಹಾಗೆ ನನ್ನನ್ನು ನೋಡಿ, “ಬಿಲ್ ರೋವನ್ ಸಿಗಬೇಕಿತ್ತು, ಹತ್ತು ನಿಮಿಷದಲ್ಲಿ ತಪ್ಪಿತು. ರಾಬರ್ಟ್ ಮ್ಚಾಲಿ ತಂದಿದ್ದೇನೆ” ಎಂದರು. ಜೇಬಿನಿಂದ ಹೊರಬಂದದ್ದು ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಪದಕ. ನಮ್ಮೂರಿನ ಹತ್ತು ಕಿಲೋಮೀಟರ್ ಓಟಗಳಲ್ಲಿ ಕೊರಳಿಗೆ ಹಾಕುವ ತಟ್ಟೆಯಂಥ ಪದಕಗಳ ಪಕ್ಕದಲ್ಲಿಟ್ಟರೆ ಕಣ್ಣಿಗೇ ಬೀಳದು.

ಮನುಷ್ಯರ ಹೆಸರನ್ನು ಹೀಗೆ ಪದಕದ ಹೆಸರಾಗಿ ಆಡುವುದು ಆ ಓಟದ ರೂಢಿ. ಅಲ್ಲಿ ಎಷ್ಟನೆಯವರು ಎಂಬುದು ಮೊದಲ ಹತ್ತು ಗಂಡಸರಿಗೆ, ಮೊದಲ ಹತ್ತು ಹೆಂಗಸರಿಗೆ ಮಾತ್ರ ಮುಖ್ಯ, ಚಿನ್ನ ಅವರಿಗೆ. ಉಳಿದ ಸಾವಿರಾರು ಜನರ ಪದಕವನ್ನು ಗಡಿಯಾರ ನಿರ್ಧರಿಸುತ್ತದೆ. ಆರು ಗಂಟೆಯೊಳಗೆ ಬಂದವರಿಗೆ ವಾಲಿ ಹೇವರ್ಡ್, ಏಳೂವರೆಯೊಳಗೆ ಬಂದ ಗಂಡಸರಿಗೆ ಬೆಳ್ಳಿ, ಒಂಬತ್ತರೊಳಗೆ ಬಿಲ್ ರೋವನ್, ಹತ್ತರೊಳಗೆ ರಾಬರ್ಟ್ ಮ್ಚಾಲಿ, ಹನ್ನೊಂದರೊಳಗೆ ಕಂಚು, ಹನ್ನೆರಡರೊಳಗೆ ವಿಕ್ ಕ್ಲಾಪಮ್. ಹನ್ನೆರಡು ಗಂಟೆಗೆ ಒಂದು ಸೆಕೆಂಡು ಮೀರಿದರೂ ಏನೂ ಇಲ್ಲ. ಹೊರಗಿನವರಿಗೆ ಗೋಜಲಾಗಿ ಕಾಣುವ ಈ ಲೆಕ್ಕವನ್ನು ಬಿಡಿಸಲು ಗಣಿತ ಬೇಕಾಗಿಲ್ಲ, ಒಂದಷ್ಟು ಜನರ ಕಥೆ ಗೊತ್ತಿದ್ದರೆ ಸಾಕು. ಅವರಲ್ಲಿ ಬಹುಪಾಲು ಜನ ಓಟ ಹುಟ್ಟಿದ ಮೊದಲ ಹದಿನೈದು ವರ್ಷಗಳಲ್ಲೇ ಆ ದಾರಿಯಲ್ಲಿ ಹಾದುಹೋದವರು.

ಮೊದಲು ದಾರಿಯನ್ನು ನೋಡಿಬಿಡೋಣ. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಡರ್ಬನ್. ಅಲ್ಲಿಂದ ಒಳನಾಡಿಗೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್. 1893ರ ಜೂನ್ ತಿಂಗಳ ಒಂದು ರಾತ್ರಿ ಮೊದಲ ದರ್ಜೆಯ ಡಬ್ಬಿಯಿಂದ ಗಾಂಧೀಜಿಯವರನ್ನು ಹೊರದಬ್ಬಿದ ನಿಲ್ದಾಣ ಇರುವ ಊರು. ಅವರು ಹತ್ತಿದ್ದ ರೈಲು ಡರ್ಬನ್ನಿನಿಂದಲೇ ಹೊರಟಿತ್ತು. ಈ ಎರಡು ಊರುಗಳ ನಡುವಿನ ಹಳೆಯ ರಸ್ತೆಯೇ ಓಟದ ದಾರಿ. ರಸ್ತೆ ಬದಲಾದಂತೆ ದೂರವೂ ಒಂದೆರಡು ಕಿಲೋಮೀಟರ್ ಹೆಚ್ಚು ಕಡಿಮೆಯಾಗುತ್ತದೆ, ಸುಮಾರು 86ರಿಂದ 90ರ ನಡುವೆ ಅನ್ನಬಹುದು. ಬೆಂಗಳೂರಿನಿಂದ ಓಡಿಕೊಂಡು ಹೊರಟವರು ಮದ್ದೂರಿನಲ್ಲಿ ವಡೆ ತಿಂದು ಮತ್ತೂ ಸ್ವಲ್ಪ ಮುಂದಕ್ಕೆ ಓಡಿದಷ್ಟು. ಆದರೆ ಇದು ಮೈಸೂರು ರಸ್ತೆಯಂತೆ ಅಲ್ಲ. ಕವೀಸ್ ಹಿಲ್, ಫೀಲ್ಡ್ಸ್ ಹಿಲ್, ಬೋಥಾಸ್ ಹಿಲ್, ಇಂಚಾಂಗ, ಪಾಲಿ ಶಾರ್ಟ್ಸ್ ಎಂಬ ಐದು ದೊಡ್ಡ ಗುಡ್ಡಗಳು ನಡುವೆ ಇವೆ. ಇವುಗಳಲ್ಲಿ ಪಾಲಿ ಶಾರ್ಟ್ಸ್, ಡರ್ಬನ್ನಿನಿಂದ ಬರುವವರಿಗೆ ಊರು ಇನ್ನೇನು ಬಂದೇಬಿಟ್ಟಿತು ಎನ್ನುವಾಗ ಎದುರಾಗುತ್ತದೆ.

ಸಾಮಾನ್ಯವಾಗಿ ಒಂದು ವರ್ಷ ಡರ್ಬನ್ನಿನಿಂದ ಮೇಲಕ್ಕೆ, ಮರುವರ್ಷ ಪೀಟರ್‌ಮಾರಿಟ್ಸ್‌ಬರ್ಗಿನಿಂದ ಕೆಳಕ್ಕೆ. ಇಳಿಜಾರಿನ ವರ್ಷ ಸುಲಭವಾಗಿರಬೇಕು ಎಂದು ನಾನು ಅಂದುಕೊಂಡಿದ್ದೆ. ಗೆಳೆಯರು ನಕ್ಕರು. ಏರುವಾಗ ಬಳಲುವುದು ಎದೆ, ಇಳಿಯುವಾಗ ತೊಡೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಹಾಗೆ ಹಿಗ್ಗಿದಾಗ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಬೆಟ್ಟ ಇಳಿದ ಮರುದಿನ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದುಕೊಳ್ಳುತ್ತೇವಲ್ಲ, ಅದೇ ನೋವು. ಇಳಿಜಾರಿನ ವರ್ಷ ಓಡಿದವರು ಮರುದಿನ ಡರ್ಬನ್ನಿನ ಹೋಟೆಲುಗಳಲ್ಲಿ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾರಂತೆ.

ಇಂಥ ದಾರಿಯಲ್ಲಿ ಜನರನ್ನು ಓಡಿಸಬೇಕು ಎಂದು ಹೊಳೆದದ್ದು ಒಬ್ಬ ರೈಲು ಎಂಜಿನ್ ಚಾಲಕನಿಗೆ. ವಿಕ್ ಕ್ಲಾಪಮ್ 1886ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಹೆತ್ತವರೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ಬಂದವನು. ಹದಿಮೂರನೆಯ ವಯಸ್ಸಿನಲ್ಲಿ ಬೋಯರ್ ಯುದ್ಧದ ಆಂಬುಲೆನ್ಸ್ ದಳ ಸೇರಿದ್ದ. ಮೊದಲ ಮಹಾಯುದ್ಧದಲ್ಲಿ ಪದಾತಿ ದಳದ ಸೈನಿಕನಾಗಿ ಪೂರ್ವ ಆಫ್ರಿಕಾಕ್ಕೆ ಹೋದ. ಅಲ್ಲಿ ಜರ್ಮನ್ ಸೇನಾಧಿಪತಿ ಫಾನ್ ಲೆಟೋವ್ ಫೋರ್ಬೆಕ್ ಎದುರಿಗೆ ನಿಂತು ಕಾದದ್ದಕ್ಕಿಂತ ಶತ್ರುವನ್ನು ತನ್ನ ಹಿಂದೆ ಅಲೆದಾಡಿಸಿದ್ದೇ ಹೆಚ್ಚು. ಕ್ಲಾಪಮ್ ಆತನ ಬೆನ್ನು ಹತ್ತಿ ಸುಮಾರು 2,700 ಕಿಲೋಮೀಟರ್ ನಡೆದ. ಆ ರಣರಂಗದಲ್ಲಿ ಗುಂಡಿಗಿಂತ ಮಲೇರಿಯಾ ಮತ್ತು ಭೇದಿಯೇ ಹೆಚ್ಚು ಜನರನ್ನು ಕೊಂದವು.

ಹಿಂದಿರುಗಿ ಬಂದವನಿಗೆ ಸತ್ತ ಗೆಳೆಯರಿಗಾಗಿ ಏನಾದರೂ ಮಾಡಬೇಕೆನಿಸಿತು. ಆ ಕಾಲಕ್ಕೆ ಊರೂರಿನಲ್ಲೂ ಯುದ್ಧ ಸ್ಮಾರಕಗಳು ಎದ್ದು ನಿಲ್ಲುತ್ತಿದ್ದವು. ಕ್ಲಾಪಮ್‌ಗೆ ಕಲ್ಲು ಬೇಕಿರಲಿಲ್ಲ. ತಾವು ಅನುಭವಿಸಿದ ದಣಿವನ್ನೇ ನೆನಪಾಗಿ ಉಳಿಸಬೇಕಿತ್ತು. ಇಂಗ್ಲೆಂಡಿನಲ್ಲಿ ಲಂಡನ್‌ನಿಂದ ಬ್ರೈಟನ್‌ವರೆಗೆ ನಡಿಗೆಯ ಸ್ಪರ್ಧೆ ನಡೆಯುತ್ತಿದ್ದುದು ಅವನಿಗೆ ಗೊತ್ತಿತ್ತು. 1918ರಲ್ಲಿ ಮಾಜಿ ಸೈನಿಕರ ಸಂಘವಾದ ‘ಲೀಗ್ ಆಫ್ ಕಾಮ್ರೇಡ್ಸ್ ಆಫ್ ದ ಗ್ರೇಟ್ ವಾರ್’ ಮುಂದೆ ತನ್ನ ಯೋಜನೆ ಇಟ್ಟ. ಕಾಮ್ರೇಡ್ ಎಂದೊಡನೆ ನಮಗೆ ಕೆಂಪು ಬಾವುಟ ನೆನಪಾಗುತ್ತದೆ. ಇಲ್ಲಿ ಆ ಪದಕ್ಕೆ ಒಂದೇ ಕಂದಕದಲ್ಲಿ ಮಲಗಿ ಎದ್ದವರು ಎಂದಷ್ಟೇ ಅರ್ಥ. ಸಂಘದವರು ಒಪ್ಪಲಿಲ್ಲ. ಪಳಗಿದ ಓಟಗಾರರಿಗೂ ಇದು ಮಿತಿಮೀರಿದ ಶ್ರಮ ಎಂದರು. ನಿನ್ನೆಯವರೆಗೆ ಕಚೇರಿಯಲ್ಲಿ ಕುಳಿತಿದ್ದವರನ್ನು ಹಿಡಿದು ಬಂದೂಕು ಹೊರಿಸಿ ಅಷ್ಟು ದೂರ ನಡೆಸಬಹುದಾದರೆ, ತಯಾರಾಗಿ ಬಂದವರು ಒಂದು ಹಗಲು ಓಡಲಾರರೇ ಎಂಬುದು ಅವನ ಪ್ರಶ್ನೆ. 1919ರಲ್ಲಿ ಮತ್ತೆ ಕೇಳಿದ, 1920ರಲ್ಲಿ ಮತ್ತೆ. ಎರಡು ಸಲವೂ ಇಲ್ಲ.

1921ರಲ್ಲಿ ಸಂಘ ಮಣಿಯಿತು. ಖರ್ಚಿಗೆಂದು ಒಂದು ಪೌಂಡ್ ಕೊಟ್ಟಿತು, ಅದೂ ಸಾಲವಾಗಿ, ಹಿಂದಿರುಗಿಸಬೇಕು ಎಂಬ ಷರತ್ತಿನ ಮೇಲೆ. ಒಂದು ಶತಮಾನ ದಾಟಿ ಇಂದಿಗೂ ನಡೆಯುತ್ತಿರುವ ಓಟಕ್ಕೆ ಸಿಕ್ಕ ಮೂಲ ಬಂಡವಾಳ ಇಷ್ಟು. ಈಗ ಕಟ್ಟಕಡೆಗೆ ಬರುವವರ ಪದಕಕ್ಕೆ ಕ್ಲಾಪಮ್‌ನ ಹೆಸರಿದೆ. ಗೆದ್ದವರ ಪದಕಕ್ಕಲ್ಲ, ಕುಂಟುತ್ತ ಬಂದು ಸೇರುವವರ ಪದಕಕ್ಕೆ. ಈ ಆಯ್ಕೆ ಮಾಡಿದವರು ಯಾರೇ ಇರಲಿ, ಅವನನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದರು ಎನಿಸುತ್ತದೆ.

1921ರ ಮೇ 24, ಬ್ರಿಟಿಷ್ ಸಾಮ್ರಾಜ್ಯ ದಿನ. ಪೀಟರ್‌ಮಾರಿಟ್ಸ್‌ಬರ್ಗಿನ ಸಿಟಿ ಹಾಲ್ ಮುಂದೆ ಬೆಳಿಗ್ಗೆ 34 ಜನ ನಿಂತಿದ್ದರು. ಹೆಸರು ಕೊಟ್ಟಿದ್ದವರು 48. ಉಳಿದವರಿಗೆ ರಾತ್ರೋರಾತ್ರಿ ಬುದ್ಧಿ ಬಂದಿರಬೇಕು. ಎಲ್ಲರೂ ಗಂಡಸರು, ಎಲ್ಲರೂ ಬಿಳಿಯರು. ಟಾರು ಇದ್ದದ್ದು ಊರುಗಳ ಹತ್ತಿರ ಮಾತ್ರ. ಉಳಿದದ್ದೆಲ್ಲ ಮಣ್ಣುದಾರಿ, ಧೂಳು. ಗಡುವು ಹನ್ನೆರಡು ಗಂಟೆ. ಡರ್ಬನ್ ತಲುಪಿದವರು ಹದಿನಾರು ಮಂದಿ. ಮೊದಲಿಗನಾಗಿ ಬಂದ ಬಿಲ್ ರೋವನ್ ಟ್ರಾನ್ಸ್‌ವಾಲ್ ಕಡೆಯ ರೈತ, ತೆಗೆದುಕೊಂಡದ್ದು 8 ಗಂಟೆ 59 ನಿಮಿಷ. ಎರಡನೆಯವನಾದ ಹ್ಯಾರಿ ಫಿಲಿಪ್ಸ್ 41 ನಿಮಿಷ ಹಿಂದಿದ್ದ.

ಇಷ್ಟು ನಿಧಾನವಾಗಿ ಓಡಿ ಈ ಓಟವನ್ನು ಮತ್ತಾರೂ ಗೆದ್ದಿಲ್ಲ. ಇಂದಿನ ಹೋಲಿಕೆಯಲ್ಲಿ ಅದು ಒಳ್ಳೆಯ ಹವ್ಯಾಸಿ ಓಟಗಾರನ ಸಮಯ. ನನ್ನ ಗೆಳೆಯರು ಬ್ಯಾಂಕಿನ ಕೆಲಸದ ನಡುವೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಬ್ಬನ್ ಪಾರ್ಕಿನ ಸುತ್ತ ಓಡಿ ಅಭ್ಯಾಸ ಮಾಡಿದವರು. ಅವರೇ ಹತ್ತು ನಿಮಿಷದಷ್ಟು ಹತ್ತಿರ ಹೋಗಿದ್ದರು. 2000ದಲ್ಲಿ ಹೊಸ ಪದಕವೊಂದನ್ನು ಸೇರಿಸುವಾಗ ಒಂಬತ್ತು ಗಂಟೆಯ ಗೆರೆ ಎಳೆದು ಅದಕ್ಕೆ ರೋವನ್ ಹೆಸರಿಟ್ಟದ್ದು ಇದೇ ಕಾರಣಕ್ಕೆ. ಆ ಗೆರೆ ದಾಟಿದವನು ಮೊದಲ ಓಟದ ವಿಜೇತನ ಪಕ್ಕದಲ್ಲಿ ನಿಂತಂತೆ.

ಮರುವರ್ಷ ದಿಕ್ಕು ಬದಲಾಯಿತು, ಡರ್ಬನ್ನಿನಿಂದ ಮೇಲಕ್ಕೆ. ಈ 1922ರ ಓಟದಲ್ಲಿ ಇಬ್ಬರಿದ್ದರು. ಒಬ್ಬ ದೂರದ ಓಟವನ್ನೇ ಶಾಸ್ತ್ರವಾಗಿಸಿದವನು, ಇನ್ನೊಬ್ಬ ಅದನ್ನು ವನಭೋಜನವಾಗಿಸಿದವನು. ತಮಾಷೆಯೆಂದರೆ ಓಟದ ಹಿಂದಿನ ರಾತ್ರಿ ಇಬ್ಬರೂ ಒಂದೇ ಮನೆಯಲ್ಲಿದ್ದರು.

ವನಭೋಜನದವನ ಕಥೆಯೇ ಮೊದಲು. ಬಿಲ್ ಪೇನ್ ಡರ್ಬನ್ನಿನ ಶಾಲಾ ಮಾಸ್ತರು, ದೇಶದ ಪರವಾಗಿ ರಗ್ಬಿ ಆಡಿದ ದೈತ್ಯ. ಆರ್ಥರ್ ನ್ಯೂಟನ್ ಎಂಬ ರೈತ ಅಂದು ಅವನ ಮನೆಗೆ ಅತಿಥಿಯಾಗಿ ಬಂದಿದ್ದ. ಮಾತಿನ ನಡುವೆ ನೀನೂ ಯಾಕೆ ಓಡಬಾರದು ಎಂಬ ವಿಷಯ ಬಂತು, ಪೇನ್ ಹೂಂ ಅಂದ. ಅಭ್ಯಾಸವಿಲ್ಲ, ಓಟದ ಬೂಟೂ ಇಲ್ಲ. ಬೆಳಿಗ್ಗೆ ರಗ್ಬಿ ಬೂಟು ಕಟ್ಟಿಕೊಂಡು ಹೊರಟ. ಹಿಲ್‌ಕ್ರೆಸ್ಟ್ ತಲುಪುವಷ್ಟರಲ್ಲಿ ಹಸಿವಾಯಿತು. ಹೋಟೆಲಿಗೆ ಹೋಗಿ ಕುಳಿತು ಬೇಕನ್, ಮೊಟ್ಟೆ ತಿಂದ. ಬೋಥಾಸ್ ಹಿಲ್ ಬಳಿ ‘ಜುಲು’ ವೇಡ್ ಎಂಬ ಜೊತೆಗಾರ ಸಿಕ್ಕಿದ, ಇಬ್ಬರೂ ಸೇರಿ ಕೋಳಿ ಸಾರು ಹೊಡೆದರು. 1860ರಿಂದ ಕಬ್ಬಿನ ತೋಟಗಳಿಗೆ ಜೀತದ ಕರಾರಿನ ಮೇಲೆ ಬಂದಿಳಿದ ಭಾರತೀಯರು ಡರ್ಬನ್ ಸೀಮೆಯ ಅಡುಗೆಮನೆಗಳನ್ನು ಎಷ್ಟರಮಟ್ಟಿಗೆ ಬದಲಿಸಿದ್ದರು ಎಂದರೆ ಬಿಳಿಯ ರಗ್ಬಿ ಆಟಗಾರನ ಓಟದ ನಡುವಿನ ಊಟವೂ ಸಾರೇ ಆಗಿತ್ತು. ಅರ್ಧ ದಾರಿಯ ಡ್ರಮಂಡ್‌ನಲ್ಲಿ ಬಿಯರ್. ವೇಡ್‌ಗೆ ಅಲ್ಲಿಗೆ ಸಾಕಾಯಿತು. ಪೇನ್ ಒಬ್ಬನೇ ಮುಂದುವರಿದ. ದಾರಿಯಲ್ಲಿ ಹೆಂಗಸೊಬ್ಬಳು ಪೀಚ್ ಹಣ್ಣಿನ ಬ್ರಾಂದಿ ಕೊಟ್ಟಳು, ಅದಕ್ಕೂ ಇಲ್ಲ ಅನ್ನಲಿಲ್ಲ. ಇಷ್ಟೆಲ್ಲ ಮುಗಿಸಿ ಎಂಟನೆಯವನಾಗಿ ಬಂದ. ಮರುದಿನ ರಗ್ಬಿ ಪಂದ್ಯವನ್ನೂ ಆಡಿದ.

ಈ ಕಥೆಯನ್ನು ಕಾಮ್ರೇಡ್ಸ್ ಓಟಗಾರರು ದಣಿವಿಲ್ಲದೆ ಹೇಳುತ್ತಾರೆ, ಕೇಳುವವರೂ ದಣಿಯುವುದಿಲ್ಲ. ನಗುವಿನ ಆಚೆಗೆ ಅದರಲ್ಲಿ ಒಂದು ಮಾಹಿತಿಯಿದೆ: 1922ರಲ್ಲಿ ಈ ದೂರವನ್ನು ಹೇಗೆ ಓಡಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಷ್ಟು ತಿನ್ನಬೇಕು, ಎಷ್ಟು ಕುಡಿಯಬೇಕು, ಎಷ್ಟು ದಿನ ತಯಾರಾಗಬೇಕು, ಯಾವುದಕ್ಕೂ ಲೆಕ್ಕವಿರಲಿಲ್ಲ. ಆ ಲೆಕ್ಕ ಹಾಕಿದವನು ಪೇನ್ ಮನೆಯ ಅತಿಥಿ.

ನ್ಯೂಟನ್ ಓಡಲು ಶುರುಮಾಡಿದ್ದು ಆರೋಗ್ಯಕ್ಕಾಗಿ ಅಲ್ಲ, ಆಸೆಯಿಂದಲೂ ಅಲ್ಲ; ಸರಕಾರದ ಮೇಲಿನ ಸಿಟ್ಟಿನಿಂದ. ಇಂಗ್ಲೆಂಡಿನಲ್ಲಿ ಹುಟ್ಟಿ, ಓಟದ ಈ ಎರಡೂ ಊರುಗಳಿರುವ ನಟಾಲ್ ಪ್ರಾಂತ್ಯಕ್ಕೆ ಬಂದು ಹಾರ್ಡಿಂಗ್ ಬಳಿ ಹತ್ತಿ, ತಂಬಾಕು ಬೆಳೆಯುತ್ತಿದ್ದ. ಅವನ ಜಮೀನಿನ ಸುತ್ತಲಿನ ನೆಲವನ್ನು ಸರಕಾರ ಕಪ್ಪು ಜನರ ವಸತಿಗೆ ಮೀಸಲಿಟ್ಟಿತು. ತನ್ನ ಬೇಸಾಯ ಹಾಳಾಯಿತು, ಪರಿಹಾರ ಕೊಡಿ ಎಂದು ಅವನು ಅರ್ಜಿ ಬರೆದ. ಕೇಳುವವರಿರಲಿಲ್ಲ. ಬರಿಯ ರೈತನ ಮಾತನ್ನು ಯಾರೂ ಕೇಳುವುದಿಲ್ಲ, ಹೆಸರಾಂತ ಆಟಗಾರನ ಮಾತನ್ನು ಪತ್ರಿಕೆಗಳು ಕೇಳುತ್ತವೆ ಎಂದು ತೀರ್ಮಾನಿಸಿ, 38ನೆಯ ವಯಸ್ಸಿನಲ್ಲಿ ಓಟಗಾರನಾಗಲು ಹೊರಟ. ಮೊದಲ ದಿನ ಎರಡು ಮೈಲಿಗೇ ಉಸಿರು ಹತ್ತಿಕೊಂಡಿತು. ಅದು 1922ರ ಜನವರಿ. ಅದೇ ಮೇ ತಿಂಗಳಲ್ಲಿ 8 ಗಂಟೆ 40 ನಿಮಿಷದಲ್ಲಿ ಕಾಮ್ರೇಡ್ಸ್ ಗೆದ್ದ.

ಅವನ ದೂರನ್ನು ಇಂದು ಓದುವಾಗ ಇರಿಸುಮುರುಸಾಗುತ್ತದೆ. 1913ರ ಭೂಕಾಯ್ದೆ ದೇಶದ ಬಹುಸಂಖ್ಯಾತರಾದ ಕಪ್ಪು ಜನರಿಗೆ ನೆಲದ ಶೇಕಡ 7ರಷ್ಟನ್ನು ಮಾತ್ರ ಬಿಟ್ಟುಕೊಟ್ಟಿತ್ತು. ಅಂಥದ್ದರಲ್ಲಿ ಅವರು ತನ್ನ ನೆರೆಗೆ ಬಂದರೆಂಬುದು ಇವನ ಅಳಲು. ಕಥೆಯನ್ನು ಚೆಂದಗಾಣಿಸಲು ಇದನ್ನು ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ಆ ದಾರಿಯಲ್ಲಿ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ.

ಓಟದ ಮಟ್ಟಿಗಂತೂ ಅವನು ಹೊಸ ದಾರಿ ಕಡಿದ. ಆ ಕಾಲದ ತರಬೇತುದಾರರು ಹೇಳುತ್ತಿದ್ದುದು ಕಡಿಮೆ ಓಡು, ಜೋರಾಗಿ ಓಡು, ಉಳಿದ ದಿನ ಮೈ ಉಜ್ಜಿಸಿಕೊಂಡು ಮಲಗು ಎಂದು. ನ್ಯೂಟನ್ ಇದನ್ನು ಪೂರ್ತಿ ತಿರುವಿಹಾಕಿದ. ದಿನವೂ ಓಡು, ಬಹಳ ದೂರ ಓಡು, ಮಾತಾಡಲು ಬರುವಷ್ಟು ನಿಧಾನವಾಗಿ ಓಡು. ದಿನಕ್ಕೆ 20 ಮೈಲಿ ಅವನಿಗೆ ಸಾಧಾರಣ ಸಂಗತಿಯಾಯಿತು. ಇದು ಯಾಕೆ ಫಲ ಕೊಟ್ಟಿತು ಎಂಬುದನ್ನು ವಿಜ್ಞಾನ ಆಮೇಲೆ ವಿವರಿಸಿತು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ವೇಗವಾಗಿ ಓಡಿದರೆ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಬರಿದಾಗುತ್ತ ಬರುತ್ತದೆ. ಕೊಬ್ಬಿನ ದಾಸ್ತಾನು ಮಾತ್ರ ಬಡಕಲು ಮನುಷ್ಯನಲ್ಲೂ ಹೇರಳ. ನಿಧಾನವಾಗಿ ದೂರ ಓಡುವ ಅಭ್ಯಾಸ ಮಾಡಿದ ದೇಹ ಸಕ್ಕರೆಯನ್ನು ಮಿತವಾಗಿ ಬಳಸಿ ಕೊಬ್ಬನ್ನು ಉರಿಸುವುದನ್ನು ಕಲಿಯುತ್ತದೆ. ಒಲೆಯಲ್ಲಿ ಪುಳ್ಳೆ ಉರಿಸುವುದಕ್ಕೂ ದಿಮ್ಮಿ ಉರಿಸುವುದಕ್ಕೂ ಇರುವಷ್ಟು ವ್ಯತ್ಯಾಸ ಇದು. ನ್ಯೂಟನ್‌ಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ತನ್ನ ಕಾಲನ್ನೇ ನೋಡಿಕೊಂಡು ಕಲಿತ. ಪೈಪು ಸೇದುವುದನ್ನೂ ಬಿಟ್ಟಿರಲಿಲ್ಲ.

1923ರಲ್ಲಿ ಅವನು 6 ಗಂಟೆ 56 ನಿಮಿಷದಲ್ಲಿ ಡರ್ಬನ್ ತಲುಪಿದಾಗ ಅಲ್ಲಿ ನೋಡಲು ಬೆರಳೆಣಿಕೆಯಷ್ಟು ಜನರಿದ್ದರು. ಎರಡು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಒಂಬತ್ತು ಗಂಟೆ ಹಿಡಿದಿತ್ತಲ್ಲ, ಊರಿನವರು ಆ ಲೆಕ್ಕದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬರುವವರಿದ್ದರು. 1924, 1925, 1927ರಲ್ಲೂ ಅವನೇ ಗೆದ್ದ. 1926ರಲ್ಲಿ ಅವನನ್ನು ಸೋಲಿಸಿದ್ದು ಮೊದಲ ಓಟದಲ್ಲಿ ಎರಡನೆಯವನಾಗಿದ್ದ ಅದೇ ಹ್ಯಾರಿ ಫಿಲಿಪ್ಸ್. ಓಟದಿಂದ ನ್ಯೂಟನ್‌ಗೆ ಹೆಸರು ಬಂತು, ಜಮೀನಿನ ನ್ಯಾಯ ಸಿಗಲಿಲ್ಲ. ಬೇಸತ್ತು 1925ರಲ್ಲಿ ರೊಡೇಶಿಯಾಕ್ಕೆ, ಅಂದರೆ ಇಂದಿನ ಜಿಂಬಾಬ್ವೆಗೆ, ಹೊರಟುಹೋದ.

ಡ್ರಮಂಡ್ ಹತ್ತಿರ ರಸ್ತೆಬದಿಯ ದಿಬ್ಬದಲ್ಲಿ ಕೊರೆದ ಒಂದು ಗೂಡಿದೆ. ನ್ಯೂಟನ್ ಅಭ್ಯಾಸದ ವೇಳೆ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನಂತೆ. ಹೆಸರು ಆರ್ಥರ್ಸ್ ಸೀಟ್. ಅಲ್ಲಿ ಹಾದುಹೋಗುವ ಓಟಗಾರರು ಒಂದು ಹೂವಿಟ್ಟು, ಟೋಪಿ ತೆಗೆದು “ಗುಡ್ ಮಾರ್ನಿಂಗ್, ಸರ್” ಅನ್ನುತ್ತಾರೆ. ಹಾಗೆ ಮಾಡಿದರೆ ಉಳಿದ ದಾರಿ ಸುಗಮ ಎಂಬ ನಂಬಿಕೆ. ನಮ್ಮ ಘಾಟಿಗಳಲ್ಲಿ ಲಾರಿ ನಿಲ್ಲಿಸಿ ದಾರಿಬದಿಯ ಗುಡಿಗೆ ಕಾಯಿ ಒಡೆಯುವ ಚಾಲಕರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗೆಳೆಯರು ದಾರಿಯಲ್ಲೇ ಕಿತ್ತ ಯಾವುದೋ ಹಳದಿ ಹೂ ಇಟ್ಟರಂತೆ. ರೋವನ್ ಮಾತ್ರ ಸಿಗಲಿಲ್ಲ.

ನ್ಯೂಟನ್ ಬೇಗ ಬಂದು ಎಲ್ಲರನ್ನೂ ತಬ್ಬಿಬ್ಬು ಮಾಡಿದ ಅದೇ 1923ರ ಓಟದಲ್ಲಿ, ಅವನು ಬಂದು ನಾಲ್ಕೂವರೆ ಗಂಟೆಯ ಮೇಲೆ ಇನ್ನೊಬ್ಬರು ಬಂದರು. ಫ್ರಾನ್ಸಿಸ್ ಹೇವರ್ಡ್. ಹೆಂಗಸೆಂಬ ಕಾರಣಕ್ಕೆ ಆಕೆಯ ಅರ್ಜಿಯನ್ನು ತಿರಸ್ಕರಿಸಿದ್ದರು. ಆಕೆ ಬಂದು ಓಡಿದಳು. 11 ಗಂಟೆ 35 ನಿಮಿಷ. ಹನ್ನೆರಡು ಗಂಟೆಯ ಗಡುವಿನೊಳಗೆ. ಪದಕ ಕೊಡಲಿಲ್ಲ. ಓಟಗಾರರೂ ನೋಡಲು ಬಂದವರೂ ಹಣ ಕೂಡಿಸಿ ಆಕೆಗೆ ಬೆಳ್ಳಿಯ ಚಹಾ ಪಾತ್ರೆಗಳ ಒಂದು ಸೆಟ್ಟನ್ನೂ ಗುಲಾಬಿ ಇಡುವ ಬಟ್ಟಲನ್ನೂ ಕೊಟ್ಟರು. ನನಗೆ ಈ ಉಡುಗೊರೆ ಬಹಳ ಹೊತ್ತು ಕಾಡಿತು. ಕೊಟ್ಟವರ ಮನಸ್ಸು ದೊಡ್ಡದು, ಸಂದೇಹವಿಲ್ಲ. ಆದರೆ ಗುಡ್ಡಗಳನ್ನು ಹತ್ತಿಳಿದು ಬಂದವಳ ಕೈಗೆ ಕೊನೆಗೂ ಸಿಕ್ಕಿದ್ದು ಚಹಾ ಪಾತ್ರೆ! ಬೆಲೆಯಲ್ಲಿ ಅದು ಆ ಪುಟ್ಟ ಪದಕದ ಎಷ್ಟೋ ಪಟ್ಟು ಹೆಚ್ಚಿತ್ತು ಎಂಬುದು ಬೇರೆ ಮಾತು. 1931ರಿಂದ 1933ರವರೆಗೆ ಶಾಲಾ ಶಿಕ್ಷಕಿ ಜೆರಾಲ್ಡಿನ್ ವಾಟ್ಸನ್ ಮೂರು ವರ್ಷ ಸತತವಾಗಿ, ಹೀಗೆಯೇ ಲೆಕ್ಕಕ್ಕಿಲ್ಲದೆ ಓಡಿದಳು. ಮೂರನೆಯ ಸಲ ಒಂಬತ್ತೂವರೆ ಗಂಟೆಯಲ್ಲಿ ಮುಗಿಸಿದಳು.

ಅಷ್ಟು ಹೊತ್ತಿಗೆ ನಿಯಮ ಇನ್ನೂ ಬಿಗಿಯಾಗಿತ್ತು. 1928ರಲ್ಲಿ ಗಡುವನ್ನು ಹನ್ನೊಂದು ಗಂಟೆಗೆ ಇಳಿಸಿದ್ದರು. 1923ರ ಫ್ರಾನ್ಸಿಸ್ ಹೇವರ್ಡ್ ಈ ಹೊಸ ಲೆಕ್ಕದಲ್ಲಿ ಹೆಂಗಸಾಗಿರದಿದ್ದರೂ ಹೊರಗೇ. ಹನ್ನೆರಡು ಗಂಟೆ ಮರಳಿ ಬರಲು 2000 ಆಗಬೇಕಾಯಿತು.

1930ರ ಆರ್ಥಿಕ ಕುಸಿತದ ವರ್ಷಗಳಲ್ಲಿ ಓಡಲು ಬರುವುದೇ ಒಂದು ಓಟವಾಗಿತ್ತು. ಫಿಲ್ ಮಾಸ್ಟರ್ಟನ್ ಸ್ಮಿತ್ ಎಂಬ ಹುಡುಗನನ್ನು ಗೆಳೆಯರು ಉನೊಗ್ವಾಜಾ ಅನ್ನುತ್ತಿದ್ದರು. ಜುಲು ಭಾಷೆಯಲ್ಲಿ ಮೊಲ. 1930ರಲ್ಲಿ 21 ವರ್ಷದ ವಾಲಿ ಹೇವರ್ಡ್‌ನ ಎದುರು 37 ಸೆಕೆಂಡಿನಲ್ಲಿ ಸೋತ. ಮರುವರ್ಷ ನೋಯೆಲ್ ಬರ್ರೀ ಎಂಬಾತನನ್ನು ಎರಡೇ ಎರಡು ಮೀಟರಿನಿಂದ ಹಿಂದಿಕ್ಕಿ ಗೆದ್ದ. ಏಳು ಗಂಟೆಗೂ ಹೆಚ್ಚು ಓಡಿ ಎರಡು ಮೀಟರ್! ಆಗ ಅವನ ವಯಸ್ಸು ಹತ್ತೊಂಬತ್ತು. 1933ರಲ್ಲಿ ಅವನು ಕೇಪ್‌ಟೌನ್‌ನಲ್ಲಿದ್ದ, ರೈಲಿಗೆ ದುಡ್ಡಿರಲಿಲ್ಲ. ಸೈಕಲ್ ಹತ್ತಿದ. ಸುಮಾರು 1,600 ಕಿಲೋಮೀಟರ್ ಹತ್ತು ದಿನದಲ್ಲಿ ತುಳಿದು ಪೀಟರ್‌ಮಾರಿಟ್ಸ್‌ಬರ್ಗ್ ಸೇರಿ, ಓಡಿ ಹತ್ತನೆಯವನಾದ. 1942ರಲ್ಲಿ ಟೊಬ್ರುಕ್‌ನ ಯುದ್ಧದಲ್ಲಿ ಸತ್ತ. ಮೊದಲ ಯುದ್ಧದಲ್ಲಿ ಮಡಿದವರ ನೆನಪಿಗೆ ಹುಟ್ಟಿದ ಓಟದ ವಿಜೇತ ಎರಡನೆಯ ಯುದ್ಧಕ್ಕೆ ಬಲಿಯಾದ. 2011ರಿಂದ ಒಂದು ತಂಡ ಪ್ರತಿ ಸಲ ಕೇಪ್‌ಟೌನ್‌ನಿಂದ ಹತ್ತು ದಿನ ಸೈಕಲ್ ತುಳಿದು ಹನ್ನೊಂದನೆಯ ದಿನ ಕಾಮ್ರೇಡ್ಸ್ ಓಡುತ್ತದೆ, ಮೊಲದ ಹೆಸರಿನಲ್ಲಿ.

ಇನ್ನು ರಾಬರ್ಟ್ ಮ್ಚಾಲಿ. 1935ರಲ್ಲಿ ಈತ ಬಿಳಿಯರ ಓಟದಲ್ಲಿ ಲೆಕ್ಕಕ್ಕಿಲ್ಲದೆ ಓಡಿದ ಮೊದಲ ಕಪ್ಪು ಓಟಗಾರ. 9 ಗಂಟೆ 30 ನಿಮಿಷ, ಗಡುವಿಗಿಂತ ಒಂದೂವರೆ ಗಂಟೆ ಮೊದಲೇ. ಫಲಿತಾಂಶದಲ್ಲಿ ಹೆಸರಿಲ್ಲ, ಪದಕವಿಲ್ಲ. ವಿಕ್ ರಾಬಿನ್ಸನ್ ಎಂಬ ನಗರಸಭಾ ಸದಸ್ಯ ಪ್ರತ್ಯೇಕವಾಗಿ ಒಂದು ಉಡುಗೊರೆ ಕೊಟ್ಟು ಗೌರವಿಸಿದ.

ನ್ಯೂಟನ್ ಏನು ತಿಂದ, ಪೇನ್ ಏನು ಕುಡಿದ, ಅಷ್ಟೇಕೆ, ದಾರಿಬದಿಯ ಹೆಂಗಸು ಕೊಟ್ಟ ಬ್ರಾಂದಿ ಯಾವ ಹಣ್ಣಿನದು ಎಂಬುದನ್ನೂ ನಾವು ಬಲ್ಲೆವು. ಮ್ಚಾಲಿಯ ಬಗ್ಗೆ ಓಟದ ಚರಿತ್ರೆ ಇಟ್ಟುಕೊಂಡಿರುವುದು ಒಂದು ಹೆಸರು, ಒಂದು ವರ್ಷ, ಒಂದು ಸಮಯ. ಲೆಕ್ಕಕ್ಕೆ ತೆಗೆದುಕೊಳ್ಳದವರ ಕಥೆಯನ್ನೂ ಬರೆದಿಡುವುದಿಲ್ಲ. ಈ ಓಟದ ಇತಿಹಾಸ ಓದುವಾಗ ನಗಿಸುವ ಕಥೆಗಳೆಲ್ಲ ಯಾಕೆ ಒಂದೇ ಬಣ್ಣದವರದ್ದು ಎಂದು ಕೇಳಿಕೊಂಡರೆ ಉತ್ತರ ಇಲ್ಲಿದೆ. ಬೋಥಾಸ್ ಹಿಲ್‌ನ ಸಾರಿನ ರುಚಿಯನ್ನು ಆ ನೆಲಕ್ಕೆ ತಂದವರ ಮಕ್ಕಳು ಮೊಮ್ಮಕ್ಕಳಿಗೂ ಆರಂಭದ ಗೆರೆಯ ಮೇಲೆ ಜಾಗವಿರಲಿಲ್ಲ. ಕಾಮ್ರೇಡ್ ಎಂಬ ಪದಕ್ಕೆ ಸಂಘದವರು ಕೊಟ್ಟಿದ್ದ ವ್ಯಾಪ್ತಿ ಅಷ್ಟೇ.

1941ರಿಂದ ಐದು ವರ್ಷ ಯುದ್ಧದಿಂದಾಗಿ ಓಟ ನಿಂತಿತ್ತು. ಮತ್ತೆ ಶುರುವಾದ ಮೇಲೆ, 1948ರ ಒಂದು ಬೆಳಗು. ಮ್ಯಾಕ್ಸ್ ಟ್ರಿಂಬೋರ್ನ್ ಎಂಬ ಓಟಗಾರ ಆರಂಭದ ಗೆರೆಯಲ್ಲಿ ನಿಂತು ಚಡಪಡಿಸುತ್ತಿದ್ದ. ತಡೆಯಲಾರದೆ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೋಳಿಯಂತೆ ಕೂಗಿಬಿಟ್ಟ. ಸುತ್ತಲಿನವರು ನಕ್ಕು ಮತ್ತೊಮ್ಮೆ ಎಂದರು. ಮರುವರ್ಷವೂ ಕೂಗು ಎಂದರು. ಹಲವು ವರ್ಷ ಅವನೇ ಕೂಗಿದ. ಈಗ ಅವನ ಧ್ವನಿಮುದ್ರಣ ಕೂಗುತ್ತದೆ. ಇಂದಿಗೂ ಕತ್ತಲಲ್ಲಿ ನಿಂತ ಸಾವಿರಾರು ಜನ ಮೊದಲು ಕೋಳಿ ಕೂಗು ಕೇಳಿ, ಆಮೇಲೆ ಗುಂಡಿನ ಸದ್ದು ಕೇಳಿ ಹೊರಡುತ್ತಾರೆ. ಯಾವ ಸಮಿತಿಯೂ ಕುಳಿತು ಠರಾವು ಮಾಡಿ ಇಂಥದ್ದನ್ನು ಹುಟ್ಟಿಸಲಾರದು.

ಹೊರಡುವಾಗಿನ ಗುಂಡಿಗಿಂತ ಮುಗಿಯುವಾಗಿನ ಗುಂಡು ಕಠಿಣ. ಗಡುವಿನ ಕ್ಷಣ ಹತ್ತಿರವಾದಂತೆ ಅಧಿಕಾರಿಯೊಬ್ಬ ಪಿಸ್ತೂಲು ಹಿಡಿದು ಅಂತಿಮ ಗೆರೆಯ ಮೇಲೆ ನಿಲ್ಲುತ್ತಾನೆ, ಬರುತ್ತಿರುವವರಿಗೆ ಬೆನ್ನು ಹಾಕಿ. ಮುಖ ನೋಡಿದರೆ ಮನಸ್ಸು ಕರಗೀತು. ಗುಂಡು ಹಾರಿತೋ, ಎರಡು ಹೆಜ್ಜೆ ದೂರದಲ್ಲಿದ್ದವನೂ ಹೊರಗೆ. ಟಿವಿಯಲ್ಲಿ ನೋಡುವವರು ವಿಜೇತನನ್ನು ತಪ್ಪಿಸಿಕೊಂಡರೂ ಈ ಕೊನೆಯ ಹತ್ತು ನಿಮಿಷ ತಪ್ಪಿಸಿಕೊಳ್ಳುವುದಿಲ್ಲ. ಪೂರ್ವ ಆಫ್ರಿಕಾದ ಕಾಡಿನಲ್ಲಿ ಹಿಂದೆ ಬಿದ್ದವನಿಗಾಗಿ ದಳ ಕಾಯುತ್ತಿರಲಿಲ್ಲ. ಈ ನಿಯಮ ನೋಡಿದಾಗಲೆಲ್ಲ ನನಗೆ ಕ್ಲಾಪಮ್‌ನ 2,700 ಕಿಲೋಮೀಟರ್ ನೆನಪಾಗುತ್ತದೆ.

1975ರಲ್ಲಿ, ಐವತ್ತನೆಯ ಓಟದಂದು, ಹೆಂಗಸರಿಗೂ ಎಲ್ಲ ಬಣ್ಣದವರಿಗೂ ಬಾಗಿಲು ತೆರೆಯಿತು. ಲೆಸೋಥೋದ ವಿನ್ಸೆಂಟ್ ರಕಬೇಲೆ ಇಪ್ಪತ್ತನೆಯವನಾಗಿ ಬಂದು ಪದಕ ಪಡೆದ ಮೊದಲ ಕಪ್ಪು ಓಟಗಾರನಾದ. ಎಲಿಜಬೆತ್ ಕವಾನಾ ಅಧಿಕೃತವಾಗಿ ಗೆದ್ದ ಮೊದಲ ಮಹಿಳೆ. ಮ್ಚಾಲಿಯ ಹೆಸರಿನ ಪದಕ ಬರಲು 2019 ಆಗಬೇಕಾಯಿತು, ಅವನು ಓಡಿ 84 ವರ್ಷ ಕಳೆದ ಮೇಲೆ. ಅದೇ ವರ್ಷ ಎಂಬತ್ತರ ದಶಕದ ವಿಜೇತೆ ಇಸಾವೆಲ್ ರೋಶ್ ಕೆಲ್ಲಿಯ ಹೆಸರಿನಲ್ಲಿ, ಚಿನ್ನ ತಪ್ಪಿ ಏಳೂವರೆ ಗಂಟೆಯೊಳಗೆ ಬರುವ ಮಹಿಳೆಯರಿಗೂ ಒಂದು ಪದಕ ಬಂತು. ಚಹಾ ಪಾತ್ರೆ ಪಡೆದವಳ ಹೆಸರಿನದು ಇನ್ನೂ ಇಲ್ಲ.

ಮೊಲವನ್ನು 37 ಸೆಕೆಂಡಿನಲ್ಲಿ ಸೋಲಿಸಿದ ವಾಲಿ ಹೇವರ್ಡ್‌ನ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. 1930ರಲ್ಲಿ ಗೆದ್ದ ಅವನು ಮತ್ತೆ ಗೆದ್ದದ್ದು ಇಪ್ಪತ್ತು ವರ್ಷ ಬಿಟ್ಟು, 41ನೆಯ ವಯಸ್ಸಿನಲ್ಲಿ. 1950, 51, 53, 54 ಅವನವೇ. ನಡುವಿನ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಹತ್ತನೆಯವನಾದ. 1953ರಲ್ಲಿ ಇಂಗ್ಲೆಂಡಿಗೆ ಓಡಲು ಹೋದಾಗ ಅವನ ಖರ್ಚಿಗೆಂದು ಹಿತೈಷಿಗಳು ಹಣ ಕೂಡಿಸಿದ್ದರು. ಆಗಿನ ನಿಯಮದಲ್ಲಿ ಓಟಗಾರ ಓಟದ ಹೆಸರಿನಲ್ಲಿ ಹಣ ಮುಟ್ಟಿದರೆ ಅವನು ವೃತ್ತಿಪರ, ಹವ್ಯಾಸಿಗಳ ಸ್ಪರ್ಧೆಗೆ ಅನರ್ಹ. ಸ್ವಲ್ಪ ಕಾಲದಲ್ಲೇ ಅವನನ್ನು ನಿಷೇಧಿಸಿದರು. ನಿಷೇಧ ಎಷ್ಟೋ ವರ್ಷ ನಡೆಯಿತು.

1988ರಲ್ಲಿ, 79ನೆಯ ವಯಸ್ಸಿನಲ್ಲಿ, ಅವನು ಮತ್ತೆ ಬಂದು 9 ಗಂಟೆ 44 ನಿಮಿಷದಲ್ಲಿ ಮುಗಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. 1989ರ ಮೇ 31ರಂದು, ಎಂಬತ್ತು ತುಂಬಿದವನು, ಇನ್ನೊಮ್ಮೆ ಗೆರೆಯ ಮೇಲೆ ನಿಂತ. ವರ್ಣಭೇದದ ಕಾಯ್ದೆಗಳು ಇನ್ನೂ ಜಾರಿಯಲ್ಲಿದ್ದವು, ಮಂಡೇಲಾ ಇನ್ನೂ ಸೆರೆಯಲ್ಲಿದ್ದರು. ಆ ದಿನ ಮೊದಲಿಗನಾಗಿ ಬಂದವನು ಸ್ಯಾಮ್ ಚಬಲಾಲಾ, 5 ಗಂಟೆ 35 ನಿಮಿಷದಲ್ಲಿ. ಕಾಮ್ರೇಡ್ಸ್ ಗೆದ್ದ ಮೊದಲ ಕಪ್ಪು ಓಟಗಾರ. ಮ್ಚಾಲಿ ಓಡಿ 54 ವರ್ಷವಾಗಿತ್ತು. ಚಬಲಾಲಾ ಬಂದು ಐದು ಗಂಟೆ ಕಳೆದ ಮೇಲೆಯೂ ಹೇವರ್ಡ್ ದಾರಿಯಲ್ಲೇ ಇದ್ದ. ಗಡುವು ಆಗ ಹನ್ನೊಂದು ಗಂಟೆ. ಅವನು ಗೆರೆ ದಾಟಿದಾಗ ಗುಂಡು ಹಾರಲು ಒಂದು ನಿಮಿಷ ಐವತ್ತೇಳು ಸೆಕೆಂಡು ಉಳಿದಿತ್ತು.